ಪಾದ್ರಿಗಳು ಹಡಗು ಹತ್ತಿದ ಮೇಲೆ

ಹರಿಹರದಲ್ಲಿ ತುಂಗಭದ್ರೆಯ ಎರಡೂ ದಡಗಳಿಗೆ ಈಗ ಒಂದೇ ರಾಜ್ಯದ ಆಡಳಿತ. ನೂರು ವರ್ಷದ ಹಿಂದೆ ಹಾಗಿರಲಿಲ್ಲ. ಹರಿಹರ, ದಾವಣಗೆರೆ, ಭಾನುವಳ್ಳಿಗಳು ಮೈಸೂರು ಸಂಸ್ಥಾನದ ಚಿತ್ರದುರ್ಗ ಜಿಲ್ಲೆಯಲ್ಲಿದ್ದವು. ಹೊಳೆ ದಾಟಿದರೆ ರಾಣೆಬೆನ್ನೂರು ತಾಲ್ಲೂಕು, ಅಂದರೆ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆ. ಈಚೆ ದಡದಲ್ಲೇ ಹೊಳೆ ಹರಿಯುವ ದಿಕ್ಕಿಗೆ ನಡೆದರೆ ಹರಪನಹಳ್ಳಿ, ಹೂವಿನಹಡಗಲಿ. ಅವು ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಗೆ ಸೇರಿದ್ದವು. ಎತ್ತಿನ ಗಾಡಿಯಲ್ಲಿ ಮುಟ್ಟಬಹುದಾದ ದೂರದೊಳಗೆ ಮೂರು ಸರ್ಕಾರಗಳು, ಮೂರು ಕಾನೂನುಗಳು.

ಕ್ರೈಸ್ತ ಮಿಶನ್‌ಗಳೂ ಹೀಗೆಯೇ ಸೀಮೆ ಹಂಚಿಕೊಂಡಿದ್ದವು. ಬಳ್ಳಾರಿಯಲ್ಲಿ 1810ರಿಂದ ಲಂಡನ್ ಮಿಶನ್. ಅಲ್ಲಿ ಜಾನ್ ಹ್ಯಾಂಡ್ಸ್ ಶುರುಮಾಡಿದ ಬೈಬಲ್ ಅನುವಾದ 1831ರಲ್ಲಿ ಪೂರ್ತಿಯಾಗಿ ಅಚ್ಚಾಯಿತು. ಮೈಸೂರು ಸಂಸ್ಥಾನದ ಕನ್ನಡ ಸೀಮೆಯಲ್ಲಿ ವೆಸ್ಲಿಯನ್ ಮೆಥಡಿಸ್ಟರು. ಗುಬ್ಬಿಯಲ್ಲಿ 1837ರಲ್ಲಿ ಥಾಮಸ್ ಹಾಡ್ಸನ್ ನೆಲೆ ಹಾಕಿದ ಮೇಲೆ ತುಮಕೂರು, ಶಿವಮೊಗ್ಗ, ಹಾಸನ ಕಡೆಗೆ ಅವರು ಹಬ್ಬಿದರು. ಧಾರವಾಡ, ಹುಬ್ಬಳ್ಳಿ, ಬೆಟಗೇರಿ, ಗುಳೇದಗುಡ್ಡಗಳಲ್ಲಿ ಬಾಸೆಲ್ ಮಿಶನ್. ಒಬ್ಬರ ಹೊಲಕ್ಕೆ ಇನ್ನೊಬ್ಬರು ಕಾಲಿಡಬಾರದು ಎಂಬ ಒಪ್ಪಂದ ಅವರ ನಡುವೆ ಇತ್ತು. ಹೀಗಾಗಿ ಒಬ್ಬ ಕನ್ನಡ ಕ್ರೈಸ್ತ ಮೆಥಡಿಸ್ಟನೋ ಲೂಥರನ ಹಾದಿಯವನೋ ಎಂಬುದು ಅವನ ನಂಬಿಕೆಗಿಂತ ಹೆಚ್ಚಾಗಿ ಅವನು ಹುಟ್ಟಿದ ದಡದ ಮೇಲೆ ನಿಂತಿತ್ತು. ಹರಿಯನ್ನೂ ಹರನನ್ನೂ ಒಂದೇ ವಿಗ್ರಹದಲ್ಲಿ ನಿಲ್ಲಿಸಿ ಊರಿಗೆ ಅದೇ ಹೆಸರಿಟ್ಟ ನೆಲದಲ್ಲಿ ಒಬ್ಬನೇ ಕ್ರಿಸ್ತನನ್ನು ಹೊಳೆಯ ಗುಂಟ ಪಾಲು ಮಾಡಿಕೊಂಡಿದ್ದರು.

ಈ ಏರ್ಪಾಡು ಹೇಗೆ ಮುರಿಯಿತು, ಅಧಿಕಾರ ಯುರೋಪಿನವರ ಕೈಯಿಂದ ಕನ್ನಡಿಗರ ಕೈಗೆ ಹೇಗೆ ಬಂತು, ಯಾವುದು ಬರದೆ ಉಳಿಯಿತು ಎಂಬುದು 1914ರಿಂದ 1980ರವರೆಗೆ ಹರಡಿಕೊಂಡ ಕತೆ. ಅದರಲ್ಲಿ ಯೋಜನೆ ಹಾಕಿ ನಡೆಸಿದ್ದು ಸ್ವಲ್ಪ. ಉಳಿದದ್ದನ್ನೆಲ್ಲ ಯುದ್ಧಗಳೂ ಒಪ್ಪಂದಗಳೂ ರಾಜ್ಯದ ಗಡಿಗಳೂ ನಡೆಸಿದವು.

ಅತಿ ದೊಡ್ಡ ಪೆಟ್ಟು ಬಿದ್ದದ್ದು ಬಾಸೆಲ್ ಮಿಶನ್ನಿಗೆ. 1815ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಹುಟ್ಟಿದ ಸಂಸ್ಥೆ ಅದು. ಕಚೇರಿ ಸ್ವಿಸ್ ನೆಲದಲ್ಲಿದ್ದರೂ ಅದು ಕಳಿಸುತ್ತಿದ್ದ ಪಾದ್ರಿಗಳಲ್ಲಿ ಬಹುಪಾಲು ದಕ್ಷಿಣ ಜರ್ಮನಿಯ ವ್ಯುರ್ಟೆಂಬರ್ಗ್ ಕಡೆಯ ರೈತರ, ಕಸುಬುದಾರರ ಮಕ್ಕಳು. 1833ರ ಚಾರ್ಟರ್ ಕಾಯ್ದೆ ಬ್ರಿಟಿಷರಲ್ಲದ ಮಿಶನರಿಗಳಿಗೂ ಭಾರತದ ಬಾಗಿಲು ತೆರೆದಾಗ, ಮರುವರ್ಷವೇ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದರು. ಮುಂದಿನ ಎಂಬತ್ತು ವರ್ಷಗಳಲ್ಲಿ ಅವರು ಮಾಡಿದ್ದು ಕನ್ನಡ ಓದುಗರಿಗೆ ಗೊತ್ತಿರುವುದೇ. 1841ರ ಅಚ್ಚುಕೂಟ, 1843ರಲ್ಲಿ ಹರ್ಮನ್ ಮೋಗ್ಲಿಂಗ್ ಹೊರಡಿಸಿದ ‘ಮಂಗಳೂರ ಸಮಾಚಾರ’, 1894ರಲ್ಲಿ ಬಂದ ಕಿಟೆಲ್ ನಿಘಂಟು, 1865ರಲ್ಲಿ ಜೆಪ್ಪುವಿನಲ್ಲಿ ಗಿಯೋರ್ಗ್ ಪ್ಲೆಬ್‌ಸ್ಟ್ ಶುರುಮಾಡಿದ ಹಂಚಿನ ಕಾರ್ಖಾನೆ, ನೇಯ್ಗೆ ಶಾಲೆ, ಖಾಕಿ ಬಣ್ಣ. ಕರ್ನಾಟಕದಲ್ಲಿ ಮಂಗಳೂರು ಹಂಚು ಕಾಣದ ಊರಿಲ್ಲ.

ಇವೆಲ್ಲವನ್ನೂ ಹೊಗಳುವಾಗ ನಾವು ಕೇಳದೆ ಬಿಡುವ ಪ್ರಶ್ನೆ ಒಂದಿದೆ: ತೀರ್ಮಾನ ಯಾರದಿತ್ತು? ಮಿಶನ್ನಿನ ಕೊನೆಯ ಮಾತು ಬಾಸೆಲ್‌ನ ಕಮಿಟಿಯದು. ಮಿಶನರಿ ಮದುವೆಯಾಗಬೇಕಾದರೂ ಆ ಕಮಿಟಿಯ ಅಪ್ಪಣೆ ಬೇಕಿತ್ತು. 1851-52ರಲ್ಲಿ ಮಿಶನ್ನಿನ ಇನ್‌ಸ್ಪೆಕ್ಟರ್ ಯೋಸೆಫ್ ಯೋಸೆನ್‌ಹಾನ್ಸ್ ಸ್ವತಃ ಭಾರತಕ್ಕೆ ಬಂದು ನೋಡಿಹೋದ ಮೇಲೆ ಕಟ್ಟುಪಾಡುಗಳು ಇನ್ನಷ್ಟು ಬಿಗಿಯಾದವು. ಊರಿನ ಸಭೆಗಳಲ್ಲಿ ಹಿರಿಯರ ಪ್ರೆಸ್ಬಿಟರಿ ಇತ್ತು, ಉಪದೇಶಿಗಳಿದ್ದರು, ಗುರುದೀಕ್ಷೆ ಪಡೆದ ಕೆಲವು ದೇಶೀ ಪಾಸ್ಟರುಗಳೂ ಇದ್ದರು. ಹಳ್ಳಿಯಿಂದ ಹಳ್ಳಿಗೆ ನಡೆದು ಬೋಧಿಸುವುದು, ಮಕ್ಕಳಿಗೆ ಅಕ್ಷರ ಕಲಿಸುವುದು, ಸತ್ತವರನ್ನು ಮಣ್ಣು ಮಾಡುವುದು ಇವರ ಪಾಲು. ಲೆಕ್ಕದ ಪುಸ್ತಕ, ಜಮೀನಿನ ಪತ್ರ, ನೇಮಕ, ವರ್ಗಾವಣೆ ಯುರೋಪಿನವರ ಪಾಲು.

ಇದಕ್ಕೆ ಎದುರಾಗಿ ನಿಲ್ಲುವ ಒಂದು ಉದಾಹರಣೆ ಆರಂಭದಲ್ಲೇ ಇತ್ತು. ಮಂಗಳೂರಿನ ಸಾರಸ್ವತ ಬ್ರಾಹ್ಮಣ ಮನೆತನದ ಆನಂದರಾವ್ ಕೌಂಡಿನ್ಯ 1844ರ ಜನವರಿಯಲ್ಲಿ ದೀಕ್ಷಾಸ್ನಾನ ಪಡೆದ. ಊರು ಅಲ್ಲೋಲಕಲ್ಲೋಲವಾಯಿತು. ಮೋಗ್ಲಿಂಗ್ ಅವನನ್ನು ಬಾಸೆಲ್‌ಗೆ ಕರೆದೊಯ್ದು ಅಲ್ಲಿನ ಸೆಮಿನರಿಗೆ ಸೇರಿಸಿದ. 1851ರಲ್ಲಿ ಗುರುದೀಕ್ಷೆ ಪಡೆದು ಬಂದ ಹರ್ಮನ್ ಆನಂದರಾವ್ ಕೌಂಡಿನ್ಯ ಜರ್ಮನ್ ಪಾದ್ರಿಗಳ ಸರಿಸಮನಾಗಿ ಮಿಶನರಿಯೇ ಆದ. ಮುಂದೆ ಈ ದಾರಿ ಹೆದ್ದಾರಿಯಾಗಬೇಕಿತ್ತು, ಆಗಲಿಲ್ಲ. ಕೌಂಡಿನ್ಯ 1893ರಲ್ಲಿ ತೀರಿಕೊಂಡಾಗಲೂ ಅವನಂಥವರು ಅಪರೂಪವೇ ಆಗಿದ್ದರು. ಮಂಗಳೂರಿನ ಬಲ್ಮಠದ ಸೆಮಿನರಿಯಿಂದ ಹೊರಬಿದ್ದ ಎಷ್ಟೋ ಸಮರ್ಥರು ಜೀವನಪೂರ್ತಿ ಯಾರೋ ಒಬ್ಬ ತರುಣ ಜರ್ಮನ್ ಪಾದ್ರಿಯ ಕೈಕೆಳಗೆ ದುಡಿದರು.

ಜನರ ಬದುಕೂ ಮಿಶನ್ನಿಗೆ ಅಂಟಿಕೊಂಡಿತ್ತು. ಕ್ರೈಸ್ತನಾದವನು ಜಾತಿಯೊಂದಿಗೆ ಕುಲಕಸುಬನ್ನೂ, ಕೆಲವೊಮ್ಮೆ ಹೊಲಮನೆಯನ್ನೂ ಕಳೆದುಕೊಳ್ಳುತ್ತಿದ್ದ. ಅವನಿಗೆ ಕೆಲಸ ಕೊಡಲೆಂದೇ ಕಾರ್ಖಾನೆಗಳು ಹುಟ್ಟಿದವು. ಇದನ್ನು ವಿದ್ವಾಂಸರು ಎರಡು ಬಗೆಯಾಗಿ ಓದಿದ್ದಾರೆ. ಜಾತಿಯ ಕಟ್ಟು ಕಳಚಿ, ಗಡಿಯಾರ ನೋಡಿ ದುಡಿದು ಕೂಲಿ ಪಡೆಯುವ ಹೊಸ ಬಗೆಯ ಕಾರ್ಮಿಕರನ್ನು ಕಾರ್ಖಾನೆಗಳು ರೂಪಿಸಿದವು ಎಂಬುದು ಒಂದು ಓದು. ಸಭೆಯ ಸದಸ್ಯನೂ ಕಾರ್ಖಾನೆಯ ಕೂಲಿಯೂ ಮಿಶನ್ ಮನೆಯ ಬಾಡಿಗೆದಾರನೂ ಒಬ್ಬನೇ ಆದಾಗ ಅವನು ಪಾದ್ರಿಯ ಎದುರು ಬಾಯಿ ತೆರೆಯುವುದು ಕಷ್ಟವಾಯಿತು ಎಂಬುದು ಇನ್ನೊಂದು. ರುಡಾಲ್ಫ್ ಫಿಷರ್, ಜೈಪ್ರಕಾಶ್ ರಾಘವಯ್ಯ ಮೊದಲಾದವರು ಈ ಉದ್ಯಮಗಳ ಚರಿತ್ರೆಯನ್ನು ವಿವರವಾಗಿ ಬರೆದಿದ್ದಾರೆ. ನನಗೆ ಎರಡೂ ಮಾತು ನಿಜವೆನಿಸುತ್ತದೆ. ಆದರೆ ನಾಯಕತ್ವದ ಕತೆಗೆ ಎರಡನೆಯದೇ ಹೆಚ್ಚು ಮುಖ್ಯ.

1914ರ ಆಗಸ್ಟ್ 4ರಂದು ಬ್ರಿಟನ್ ಜರ್ಮನಿಯ ಮೇಲೆ ಯುದ್ಧ ಸಾರಿತು. ಅಂದಿನಿಂದ ಮಂಗಳೂರು, ಧಾರವಾಡ, ಹುಬ್ಬಳ್ಳಿಯ ಜರ್ಮನ್ ಪಾದ್ರಿಗಳು ಶತ್ರು ದೇಶದ ಪ್ರಜೆಗಳು. ಮೊದಮೊದಲು ಬರೀ ಓಡಾಟಕ್ಕೆ ನಿರ್ಬಂಧ. ಮರುವರ್ಷ ಬಿಗಿ ಹೆಚ್ಚಿತು. ಸೈನ್ಯಕ್ಕೆ ಸೇರುವ ವಯಸ್ಸಿನ ಗಂಡಸರನ್ನು ಅಹಮದ್‌ನಗರದ ಬಂಧನ ಶಿಬಿರಕ್ಕೆ ಒಯ್ದರು. ಹೆಂಗಸರು, ಮಕ್ಕಳು, ವಯಸ್ಸಾದವರನ್ನು ‘ಗೋಲ್ಕೊಂಡ’ ಎಂಬ ಹಡಗಿನಲ್ಲಿ ಯುರೋಪಿಗೆ ಸಾಗಿಸಿದರು. ಆ ಹಡಗು 1915ರ ಕೊನೆಗೊಮ್ಮೆ, 1916ರ ಆರಂಭದಲ್ಲೊಮ್ಮೆ ಹೊರಟಿತು. ಕನ್ನಡ ಕಲಿತು, ಕನ್ನಡದಲ್ಲೇ ಪ್ರಾರ್ಥಿಸಿ, ಇಲ್ಲಿಯೇ ಮಕ್ಕಳನ್ನು ಹೆತ್ತವರು ಗಂಟುಮೂಟೆ ಕಟ್ಟಿ ಹೊರಟರು. ಸ್ವಿಸ್ ಪ್ರಜೆಗಳಾಗಿದ್ದ ಕೆಲವರು ಮಾತ್ರ ಸ್ವಲ್ಪ ಕಾಲ ಉಳಿದುಕೊಂಡರು. ಆಮೇಲೆ ಬ್ರಿಟಿಷ್ ಸರ್ಕಾರ ಬಾಸೆಲ್ ಮಿಶನ್ ಎಂಬ ಹೆಸರನ್ನೇ ಸಹಿಸದಾಯಿತು. ಮಂಗಳೂರಿನ ಅಚ್ಚುಕೂಟದ ಪುಸ್ತಕಗಳ ಮೇಲೂ ‘ಬಾಸೆಲ್’ ಮಾಯವಾಗಿ ‘ಕೆನರೀಸ್ ಮಿಶನ್ ಪ್ರೆಸ್’ ಎಂದು ಅಚ್ಚಾಗತೊಡಗಿತು.

ಸಭೆಗಳು ಮುಚ್ಚಿಹೋದವೇ? ಇಲ್ಲ. ಭಾನುವಾರದ ಆರಾಧನೆ ನಡೆಯಿತು. ಶಾಲೆಗಳು ನಡೆದವು. ಮದುವೆ, ದೀಕ್ಷಾಸ್ನಾನ, ಶವಸಂಸ್ಕಾರ ಒಂದೂ ನಿಲ್ಲಲಿಲ್ಲ. ಅಲ್ಲಿಯವರೆಗೆ ಸಹಾಯಕರೆನಿಸಿಕೊಂಡಿದ್ದ ದೇಶೀ ಪಾಸ್ಟರುಗಳು, ಉಪದೇಶಿಗಳು, ಶಾಲಾ ಮಾಸ್ತರರು ಎಲ್ಲವನ್ನೂ ಹೊತ್ತುಕೊಂಡರು. ನೆರೆಯ ವೆಸ್ಲಿಯನ್ ಮಿಶನ್ನಿನವರೂ ಕೈಜೋಡಿಸಿದರು. ಎಂಬತ್ತು ವರ್ಷಗಳಿಂದ ‘ಇವರು ಇನ್ನೂ ತಯಾರಾಗಿಲ್ಲ’ ಎಂಬ ಮಾತು ಬಾಸೆಲ್‌ಗೆ ಹೋಗುವ ವರದಿಗಳಲ್ಲಿ ನಾನಾ ರೂಪದಲ್ಲಿ ಕಾಣಿಸಿಕೊಳ್ಳುತ್ತಿತ್ತು. ತಯಾರಾಗಿದ್ದಾರೋ ಇಲ್ಲವೋ ಎಂದು ಕೇಳಲು ಯುದ್ಧಕ್ಕೆ ಪುರುಸೊತ್ತಿರಲಿಲ್ಲ.

ಇತಿಹಾಸಕಾರರ ನಡುವೆ ಇಲ್ಲಿ ಭಿನ್ನಾಭಿಪ್ರಾಯ ಇದೆ. ಮಿಶನ್ನಿನ ಯುರೋಪಿಯನ್ ಚರಿತ್ರೆಗಳಲ್ಲಿ ಈ ವರ್ಷಗಳು ದುರಂತದ ಅಧ್ಯಾಯ: ಕಟ್ಟಿದ್ದೆಲ್ಲ ಕುಸಿಯಿತು, ಮಂದೆ ಕುರುಬರಿಲ್ಲದೆ ಉಳಿಯಿತು. ಭಾರತೀಯ ಸಭಾ ಇತಿಹಾಸ ಬರೆದವರಲ್ಲಿ ಹಲವರಿಗೆ ಇದೇ ಸ್ವಂತ ಕಾಲ ಮೇಲೆ ನಿಲ್ಲಲು ಸಿಕ್ಕ ಮೊದಲ ಅವಕಾಶ. ಈ ವಾದದಲ್ಲಿ ಮರೆತುಹೋಗುವ ವಿಷಯ ಆಸ್ತಿಯದು. ಪಾದ್ರಿಗಳು ಹೋದರೂ ಆಸ್ತಿ ದೇಶೀ ಸಭೆಗಳಿಗೆ ಬರಲಿಲ್ಲ. ಹಂಚಿನ ಕಾರ್ಖಾನೆ, ನೇಯ್ಗೆ ಕಾರ್ಖಾನೆಗಳನ್ನು ಸರ್ಕಾರ ವಶಪಡಿಸಿಕೊಂಡು, 1919ರ ಹೊತ್ತಿಗೆ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಸಂಸ್ಥೆಯ ಕೈಗೆ ಒಪ್ಪಿಸಿತು. ಅದೇ ವರ್ಷದ ವರ್ಸೇಲ್ಸ್ ಒಪ್ಪಂದದ 438ನೇ ವಿಧಿಯಲ್ಲಿ ಜರ್ಮನ್ ಮಿಶನ್‌ಗಳ ಆಸ್ತಿಯ ಬಗ್ಗೆ ಪ್ರತ್ಯೇಕವಾಗಿ ಬರೆಯಲಾಯಿತು. ಆಯಾ ಸರ್ಕಾರ ನೇಮಿಸುವ ಅಥವಾ ಒಪ್ಪುವ ಕ್ರೈಸ್ತ ಟ್ರಸ್ಟಿಗಳ ಮಂಡಳಿಗೆ ಆಸ್ತಿ ಹೋಗಬೇಕು, ಅದನ್ನು ಮಿಶನರಿ ಉದ್ದೇಶಕ್ಕೇ ಬಳಸಬೇಕು ಎಂಬುದು ಅದರ ಸಾರ. ಹುಬ್ಬಳ್ಳಿಯ ಒಂದು ಮಿಶನ್ ಕಂಪೌಂಡಿನ ಹಣೆಬರಹ ಪ್ಯಾರಿಸ್ಸಿನ ಹತ್ತಿರದ ಅರಮನೆಯಲ್ಲಿ ನಿರ್ಧಾರವಾಯಿತು. ಆ ಕಂಪೌಂಡಿನಲ್ಲಿ ವಾಸಿಸುತ್ತಿದ್ದವರ ಮಾತನ್ನು ಆ ಮೇಜಿನಲ್ಲಿ ಯಾರೂ ಕೇಳಲಿಲ್ಲ.

ಮುಂದಿನ ವರ್ಷಗಳಲ್ಲಿ ಸಭೆಗಳು ದಿಕ್ಕಿಗೊಂದಾದವು. ಮಲಬಾರಿನ ಬಾಸೆಲ್ ಸಭೆಗಳು 1919ರಲ್ಲಿ ದಕ್ಷಿಣ ಭಾರತ ಐಕ್ಯ ಸಭೆಯನ್ನು ಸೇರಿದವು. ಲಂಡನ್ ಮಿಶನ್ನಿನ ಕಾಂಗ್ರಿಗೇಶನಲ್ ಸಭೆಗಳೂ ಪ್ರೆಸ್ಬಿಟೇರಿಯನ್ ಸಭೆಗಳೂ ಕೂಡಿ 1908ರಲ್ಲಿ ಕಟ್ಟಿದ ಸಭೆ ಅದು. ಧಾರವಾಡ ಸೀಮೆಯನ್ನು ನೋಡಿಕೊಳ್ಳಲು ಸ್ವಿಸ್ ಮಿತ್ರರು ಕನ್ನಡ ನಾಡಿನ ಹೆಸರಿನಲ್ಲೇ ಕೆನರೀಸ್ ಇವ್ಯಾಂಜೆಲಿಕಲ್ ಮಿಶನ್ ಎಂಬ ಹೊಸ ಸಂಸ್ಥೆ ಹುಟ್ಟುಹಾಕಿದರು. 1920ರ ದಶಕದ ಕೊನೆಯ ಹೊತ್ತಿಗೆ ಬಾಸೆಲ್ ಮಿಶನ್ನಿಗೆ ಮರಳಿ ಬರಲು ಅನುಮತಿ ಸಿಕ್ಕಿತು, ಆ ಹೊಸ ಸಂಸ್ಥೆ ಇದರಲ್ಲಿ ವಿಲೀನವಾಯಿತು. ಬಂದವರಿಗೆ ಕಂಡದ್ದು ಅವರು ಬಿಟ್ಟುಹೋದ ಸಭೆಯಲ್ಲ. ಹತ್ತು ವರ್ಷ ತಮ್ಮನ್ನು ತಾವೇ ನಡೆಸಿಕೊಂಡ ಜನ ಮತ್ತೆ ಕೈಕಟ್ಟಿ ನಿಲ್ಲಲು ಸಿದ್ಧರಿರಲಿಲ್ಲ.

ಆ ಹೊಸ ತಲೆಮಾರಿನ ಮುಖ ಯಾವುದು ಎಂದರೆ ನಾನು ಉತ್ತಂಗಿ ಚನ್ನಪ್ಪನವರ ಹೆಸರು ಹೇಳುತ್ತೇನೆ. 1881ರಲ್ಲಿ ಧಾರವಾಡದಲ್ಲಿ ಹುಟ್ಟಿ, ಬಾಸೆಲ್ ಮಿಶನ್ ಶಾಲೆಯಲ್ಲಿ ಓದಿ, ಮಂಗಳೂರಿನಲ್ಲಿ ದೇವಶಾಸ್ತ್ರ ಕಲಿತು, ಆ ಮಿಶನ್ನಿನಲ್ಲೇ ಬೋಧಕರಾಗಿ, ಪಾಸ್ಟರಾಗಿ ದುಡಿದವರು. ಸಾಮಾನ್ಯ ಓದುಗರು ಅವರನ್ನು ಬಲ್ಲದ್ದು ಬೇರೆ ಕಾರಣಕ್ಕೆ. ಊರೂರು ಅಲೆದು, ತಾಳೆಗರಿ, ಕಡತಗಳನ್ನು ತಿರುವಿ, ಜನರ ಬಾಯಲ್ಲಿದ್ದದ್ದನ್ನು ಬರೆದುಕೊಂಡು 1924ರಲ್ಲಿ ಸರ್ವಜ್ಞನ ವಚನಗಳನ್ನು ಪ್ರಕಟಿಸಿದವರು ಅವರು. ಪಾದ್ರಿಯಾದವನು ತ್ರಿಪದಿಗಳ ಬೆನ್ನು ಹತ್ತಿದ್ದೇಕೆ? ಇದನ್ನು ಅವರ ಹವ್ಯಾಸವೆಂದು ಬದಿಗಿಡುವುದು ತಪ್ಪು. ಕ್ರಿಸ್ತನನ್ನು ಕುರಿತು ಕನ್ನಡಿಗನ ಹತ್ತಿರ ಮಾತಾಡಬೇಕಾದರೆ ಮೊದಲು ಕನ್ನಡಿಗನ ಒಳಗಿನ ಮಾತು ಕೇಳಬೇಕು ಎಂಬ ನಂಬಿಕೆ ಅದರ ಹಿಂದಿತ್ತು. 1920ರ ದಶಕದಲ್ಲಿ ಬಂದ ಅವರ ‘ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ’ ಹೆಸರಿನಿಂದಲೇ ಅದನ್ನು ಹೇಳುತ್ತದೆ. ವಿನಂತಿ ಅದು, ಖಂಡನೆಯಲ್ಲ. ಹಿಂದಿನ ಶತಮಾನದ ಮಿಶನ್ ಕರಪತ್ರಗಳ ಗದರಿಕೆ ಅದರಲ್ಲಿಲ್ಲ. ಮಿಶನ್ನಿನೊಳಗೆ ಈ ದಾರಿಗೆ ಎಲ್ಲರ ಒಪ್ಪಿಗೆ ಇರಲಿಲ್ಲ. ಉತ್ತಂಗಿಯವರು ಹಿಂದೆ ಸರಿಯಲಿಲ್ಲ. ಬಸವಣ್ಣನ ಕುರಿತು, ಅನುಭವ ಮಂಟಪದ ಐತಿಹಾಸಿಕತೆಯ ಕುರಿತು ಬರೆದರು. 1949ರಲ್ಲಿ, ನಿಜಾಮನ ಆಡಳಿತ ಮುಗಿದ ಮರುವರ್ಷ, ಕಲಬುರಗಿಯಲ್ಲಿ ಕೂಡಿದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. 1962ರಲ್ಲಿ ತೀರಿಕೊಂಡರು.

ಉತ್ತಂಗಿ ಬಿಷಪ್ ಆಗಲಿಲ್ಲ, ಯಾವ ಟ್ರಸ್ಟಿನ ಅಧ್ಯಕ್ಷರೂ ಆಗಿ ಹೆಸರು ಮಾಡಲಿಲ್ಲ. ಆದರೂ ಪಾದ್ರಿಗಳು ಹೋದ ಮೇಲೆ ಸಭೆ ಯಾವ ದನಿಯಲ್ಲಿ ಮಾತಾಡಬೇಕು ಎಂಬ ಪ್ರಶ್ನೆಗೆ ಉತ್ತರ ಕೊಟ್ಟವರು ಅವರು. ಸಭೆಯ ಗೋಡೆಯಾಚೆಗೂ ಅವರ ಮಾತಿಗೆ ಬೆಲೆಯಿತ್ತು. ಕುರ್ಚಿಗಾಗಿ ನಡೆದ ಕತೆ ಮಾತ್ರ ಬೇರೆ ಕಡೆ ಸಾಗುತ್ತಿತ್ತು.

1919ರ ಮೇ ತಿಂಗಳಲ್ಲಿ, ತಮಿಳುನಾಡಿನ ಕಡಲತೀರದ ತರಂಗಂಬಾಡಿಯಲ್ಲಿ ಕೆಲವು ಪಾಸ್ಟರುಗಳು ಸಭೆ ಸೇರಿದರು. ಬಹುತೇಕ ಎಲ್ಲರೂ ಭಾರತೀಯರು. ಅವರ ಮುಂದಾಳು ವಿ. ಎಸ್. ಅಜರಯ್ಯ, 1912ರಲ್ಲಿ ದೋರ್ನಕಲ್‌ನ ಬಿಷಪ್ ಪದವಿಗೇರಿದ ಮೊದಲ ಭಾರತೀಯ ಆಂಗ್ಲಿಕನ್. 1910ರ ಎಡಿನ್‌ಬರೋ ಸಮ್ಮೇಳನದಲ್ಲಿ ಮಿಶನರಿಗಳ ಎದುರೇ, ನಿಮ್ಮ ತ್ಯಾಗ ನಮಗೆ ಗೊತ್ತು, ನಮಗೀಗ ಬೇಕಾದದ್ದು ಸ್ನೇಹ ಎಂಬರ್ಥದ ಮಾತಾಡಿ ಗದ್ದಲ ಎಬ್ಬಿಸಿದ್ದವರು. ತರಂಗಂಬಾಡಿಯಲ್ಲಿ ಅವರೆಲ್ಲ ಕೇಳಿದ್ದು ಒಂದೇ: ಈ ಪಂಗಡಗಳನ್ನು ಹುಟ್ಟಿಸಿದವರು ನಾವಲ್ಲ, ಇಂಗ್ಲೆಂಡಿನ, ಸ್ಕಾಟ್ಲೆಂಡಿನ, ಜರ್ಮನಿಯ ಜಗಳಗಳನ್ನು ನಾವೇಕೆ ಹೊರಬೇಕು?

ಈ ಪ್ರಶ್ನೆಗೆ ಉತ್ತರ ಸಿಗಲು ಇಪ್ಪತ್ತೆಂಟು ವರ್ಷ ಹಿಡಿಯಿತು. ಸಿಕ್ಕು ಬಿದ್ದದ್ದು ಬಿಷಪ್ ಎಂಬ ಹುದ್ದೆಯ ಮೇಲೆ. ಆಂಗ್ಲಿಕನ್ನರಿಗೆ ಬಿಷಪ್ಪರ ಕೈಯಿಂದ ಬಾರದ ಗುರುದೀಕ್ಷೆ ಪೂರ್ಣವಲ್ಲ. ಮೆಥಡಿಸ್ಟರಿಗೂ ಐಕ್ಯ ಸಭೆಯವರಿಗೂ, ಬಿಷಪ್ ಇಲ್ಲದೆಯೇ ದೀಕ್ಷೆ ಪಡೆದ ತಮ್ಮ ಪಾಸ್ಟರುಗಳ ತಲೆಯ ಮೇಲೆ ಮತ್ತೊಮ್ಮೆ ಕೈಯಿಡಬೇಕು ಎಂದರೆ ಅದು ಅವಮಾನ. ಕೊನೆಗೆ ಕಂಡುಕೊಂಡ ದಾರಿ ಹೀಗಿತ್ತು: ಮುಂದೆ ಎಲ್ಲರಿಗೂ ಬಿಷಪ್ಪರೇ ದೀಕ್ಷೆ ಕೊಡಲಿ, ಈಗಾಗಲೇ ಇರುವವರನ್ನು ಇದ್ದ ಹಾಗೆಯೇ ಒಪ್ಪೋಣ, ಮೂವತ್ತು ವರ್ಷ ಎರಡೂ ಬಗೆಯವರು ಜೊತೆಯಾಗಿ ನಡೆಯಲಿ. ಮೂವತ್ತು ವರ್ಷದಲ್ಲಿ ಒಂದು ತಲೆಮಾರು ಕಳೆಯುತ್ತದೆ, ಜಗಳವೂ ತಾನಾಗಿ ಕಳೆಯುತ್ತದೆ ಎಂಬ ಲೆಕ್ಕ. ನನ್ನ ಮಟ್ಟಿಗೆ ಇಡೀ ಕತೆಯಲ್ಲಿ ಇಷ್ಟು ಜಾಣತನದ ತೀರ್ಮಾನ ಇನ್ನೊಂದಿಲ್ಲ. ಲಂಡನ್ನಿನಲ್ಲಿ ಕೂತವರಿಗೆ ಮಾತ್ರ ಇದು ರುಚಿಸಲಿಲ್ಲ. ಕವಿ ಟಿ. ಎಸ್. ಎಲಿಯಟ್ 1943ರಲ್ಲಿ ಈ ಯೋಜನೆಯ ವಿರುದ್ಧ ಒಂದು ಕಿರುಹೊತ್ತಗೆಯನ್ನೇ ಬರೆದ. ತಿರುನೆಲ್ವೇಲಿಯದೋ ಗುಬ್ಬಿಯದೋ ಒಂದು ಹಳ್ಳಿಯ ಸಭೆ ಯಾರ ಕೈಯಿಂದ ರೊಟ್ಟಿ ದ್ರಾಕ್ಷಾರಸ ತೆಗೆದುಕೊಳ್ಳಬೇಕು ಎಂಬುದು ಆಧುನಿಕ ಇಂಗ್ಲಿಷ್ ಕಾವ್ಯದ ದೊಡ್ಡ ಕವಿಯ ನಿದ್ದೆ ಕೆಡಿಸಿತ್ತು.

ಐಕ್ಯವನ್ನು ನಡೆಸಿದವರು ಯಾರು ಎಂಬುದರ ಬಗ್ಗೆಯೂ ಚರ್ಚೆ ಇದೆ. ಬೆಂಗ್ಟ್ ಸುಂಡ್‌ಕ್ಲರ್ 1954ರಲ್ಲಿ ಬರೆದ ದೊಡ್ಡ ಚರಿತ್ರೆ ಸಮಿತಿಗಳ, ಕರಡುಗಳ, ಪತ್ರಗಳ ಮೂಲಕ ಈ ಹಾದಿಯನ್ನು ಹೇಳುತ್ತದೆ. ಅಷ್ಟೊಂದು ಕಾಗದಪತ್ರ ಇರುವಲ್ಲಿ ಇಂಗ್ಲಿಷ್ ಬಲ್ಲ ಮಿಶನರಿಗಳ ದನಿ ಎದ್ದು ಕೇಳುವುದು ಸಹಜ. 1938ರಲ್ಲಿ ಮದ್ರಾಸಿನ ಚೆಂಚಯ್ಯ, ಚಕ್ಕರೈ ಮೊದಲಾದವರ ಬಳಗ ಬೇರೆಯೇ ಆಕ್ಷೇಪ ಎತ್ತಿತ್ತು: ಪಶ್ಚಿಮದ ಪಂಗಡಗಳನ್ನು ಒಟ್ಟು ಕಟ್ಟಿದರೆ ಬರುವುದೂ ಪಶ್ಚಿಮದ ಸಂಸ್ಥೆಯೇ ಅಲ್ಲವೇ? ಆ ಆಕ್ಷೇಪಕ್ಕೆ ಇಂದಿಗೂ ಸರಿಯಾದ ಉತ್ತರ ಬಂದಂತಿಲ್ಲ.

ಇದರ ನಡುವೆ ಎರಡನೆಯ ಮಹಾಯುದ್ಧ ಬಂತು. ಜರ್ಮನ್ ಪಾದ್ರಿಗಳು ಮತ್ತೆ ಬಂಧನಕ್ಕೊಳಗಾದರು, ಈ ಬಾರಿ ಡೆಹ್ರಾಡೂನ್ ಶಿಬಿರ. ಸಭೆಗಳು ಈ ಸಲ ಗಾಬರಿಯಾಗಲಿಲ್ಲ. ಮೊದಲ ಸಲದ ಪಾಠ ನೆನಪಿತ್ತು.

ಸ್ವಾತಂತ್ರ್ಯ ಬಂದು ಆರು ವಾರಕ್ಕೆ, 1947ರ ಸೆಪ್ಟೆಂಬರ್ 27ರಂದು, ಮದ್ರಾಸಿನ ಸೇಂಟ್ ಜಾರ್ಜ್ ಕೆಥೀಡ್ರಲ್‌ನಲ್ಲಿ ದಕ್ಷಿಣ ಭಾರತ ಸಭೆ, ಜನರ ಬಾಯಲ್ಲಿ ಸಿ.ಎಸ್.ಐ., ಹುಟ್ಟಿತು. ತಿರುವಾಂಕೂರಿನ ಬಿಷಪ್ ಸಿ. ಕೆ. ಜೇಕಬ್ ಅಧ್ಯಕ್ಷತೆ ವಹಿಸಿದ್ದರು. ಅಜರಯ್ಯ ಇರಲಿಲ್ಲ, 1945ರ ಹೊಸ ವರ್ಷದ ದಿನವೇ ತೀರಿಕೊಂಡಿದ್ದರು. ಅದರ ಹದಿನಾಲ್ಕು ಡಯಾಸಿಸ್‌ಗಳಲ್ಲಿ, ಅಂದರೆ ಬಿಷಪ್ಪರ ಆಡಳಿತದ ಸೀಮೆಗಳಲ್ಲಿ, ಮೈಸೂರು ಒಂದು. ಅದರ ಮೊದಲ ಬಿಷಪ್ ಪಿ. ಗುರುಶಾಂತ, ಹೆಸರಿನಿಂದಲೇ ಈ ನೆಲದವರೆಂದು ಗೊತ್ತಾಗುವ ಕನ್ನಡಿಗ. ವೆಸ್ಲಿಯನ್ನರು ಗುಬ್ಬಿಗೆ ಬಂದು ನೂರಹತ್ತು ವರ್ಷಕ್ಕೆ ಮೈಸೂರು ಸೀಮೆಯ ಸಭೆಗಳು ಒಬ್ಬ ಕನ್ನಡಿಗನ ಕೆಳಗೆ ಬಂದವು. ತುಂಗಭದ್ರೆಯ ಬಳ್ಳಾರಿ ದಡದಿಂದಲೂ ಒಬ್ಬರು ಮೇಲೇರಿದರು. ರಾಯಲಸೀಮಾದ ಬಿಷಪ್ ಹೊಸಪೇಟೆ ಸುಮಿತ್ರ 1954ರಲ್ಲಿ ಇಡೀ ದಕ್ಷಿಣ ಭಾರತ ಸಭೆಯ ಮಾಡರೇಟರ್, ಅಂದರೆ ಮುಖ್ಯಸ್ಥರು, ಆಗಿ 1962ರವರೆಗೆ ಆ ಸ್ಥಾನದಲ್ಲಿದ್ದರು. ಅವರಿಗಿಂತ ಮೊದಲಿದ್ದವರು ಇಂಗ್ಲಿಷರಾದ ಮೈಕೆಲ್ ಹಾಲಿಸ್. ಅಂದರೆ ಸಿ.ಎಸ್.ಐ.ನ ಮೊದಲ ಭಾರತೀಯ ಮಾಡರೇಟರ್ ಹೆಸರಲ್ಲೇ ಹೊಸಪೇಟೆಯನ್ನು ಹೊತ್ತವರು. ನಮ್ಮಲ್ಲಿ ಇದನ್ನು ನೆನೆಯುವವರು ಕಡಿಮೆ.

ಕತೆ ಇಲ್ಲಿಗೆ ಮುಗಿದಿದ್ದರೆ ನೇರವಾದ ಏರುದಾರಿಯಂತೆ ಕಾಣುತ್ತಿತ್ತು. ಗುರುಶಾಂತರ ನಂತರ 1951ರಲ್ಲಿ ಮೈಸೂರಿನ ಬಿಷಪ್ ಆದವರು ನಾರ್ಮನ್ ಸಾರ್ಜೆಂಟ್ ಎಂಬ ಇಂಗ್ಲಿಷರು. 1970ರಲ್ಲಿ ಆ ಡಯಾಸಿಸ್ ಒಡೆದ ಮೇಲೂ ಬೆಂಗಳೂರಿನ ಭಾಗಕ್ಕೆ 1972ರವರೆಗೆ ಅವರೇ ಬಿಷಪ್ ಆಗಿದ್ದರು. ಅವರ ನಂತರ ಬೆಂಗಳೂರಿನಲ್ಲಿ ಇನ್ನೊಬ್ಬ ಇಂಗ್ಲಿಷರು, ಕೆನೆತ್ ಗಿಲ್, 1980ರವರೆಗೆ. ದೇಶ ಸ್ವತಂತ್ರವಾಗಿ ಮೂವತ್ತಮೂರು ವರ್ಷ ಕಳೆದರೂ ಕರ್ನಾಟಕದ ಒಂದು ಡಯಾಸಿಸ್ ವಿದೇಶಿ ಬಿಷಪ್ಪರ ಕೈಯಲ್ಲಿತ್ತು. ಇದನ್ನು ಹಿನ್ನಡೆ ಎನ್ನುವವರಿದ್ದಾರೆ. ನನಗೆ ಹಾಗೆ ಪೂರ್ತಿ ಅನಿಸುವುದಿಲ್ಲ. ಹಳೆಯ ಪಾದ್ರಿ ಬಾಸೆಲ್‌ನ ಅಥವಾ ಲಂಡನ್ನಿನ ಆದೇಶ ಹೊತ್ತು ಬರುತ್ತಿದ್ದ. ಈ ಇಬ್ಬರು ಡಯಾಸಿಸ್ ಕೌನ್ಸಿಲಿನಲ್ಲಿ ಹೆಸರು ಬಂದು, ಸಿನಡ್ ಎಂಬ ಮೇಲಿನ ಮಂಡಳಿ ಒಪ್ಪಿದ ಮೇಲೆ ಕುರ್ಚಿಗೆ ಕೂತವರು. ಪರದೇಶಿಯನ್ನು ಆರಿಸುವ ಹಕ್ಕೂ ಸ್ವದೇಶಿ ಹಕ್ಕೇ. ಆದರೆ ಒಂದು ಅನುಮಾನ ಉಳಿಯುತ್ತದೆ: ನಮ್ಮೊಳಗಿನ ಭಾಷೆ, ಜಾತಿ, ಹಳೆಯ ಮಿಶನ್ನಿನ ಗುಂಪುಗಳಲ್ಲಿ ಒಬ್ಬರನ್ನು ಇನ್ನೊಬ್ಬರು ಒಪ್ಪದಿದ್ದಾಗ ಹೊರಗಿನವರೇ ಅನುಕೂಲವೆನಿಸಿರಬಹುದೇ? ಸಾರ್ಜೆಂಟರೇ ಆಮೇಲೆ 1920ರಿಂದ 1950ರವರೆಗಿನ ಕರ್ನಾಟಕದ ಸಭೆಗಳ ಚರಿತ್ರೆ ಬರೆದರು. ಈ ಅವಧಿಯ ಬಗ್ಗೆ ಓದಲು ಹೊರಟವರಿಗೆ ಮೊದಲು ಸಿಗುವ ಪುಸ್ತಕ ಅದೇ. ಕನ್ನಡಿಗರು ಅಧಿಕಾರಕ್ಕೆ ಬಂದ ಕತೆಯನ್ನೂ ಇಂಗ್ಲಿಷ್ ಬಿಷಪ್ಪರೇ ಬರೆಯಬೇಕಾಯಿತು.

ಇತ್ತ ಹೊಳೆಯ ಆಚೆ ದಡದಲ್ಲಿ ಬೇರೆಯೇ ನಡೆಯಿತು. ಮುಂಬಯಿ ಕರ್ನಾಟಕದ ಬಾಸೆಲ್ ಸಭೆಗಳು 1947ರಲ್ಲಿ ಐಕ್ಯಕ್ಕೆ ಸೇರಲಿಲ್ಲ. ಬಿಷಪ್ ಎಂಬ ಹುದ್ದೆಯೇ ಅವರ ಸಂಪ್ರದಾಯದಲ್ಲಿರಲಿಲ್ಲ. ಎರಡು ಯುದ್ಧಗಳಲ್ಲಿ ತಾವೇ ಉಳಿಸಿಕೊಂಡ ಸಭೆಯನ್ನು ಮದ್ರಾಸಿನಲ್ಲಿ ಕೂತ ಸಿನಡ್‌ಗೆ ಒಪ್ಪಿಸಲು ಹಿಂಜರಿದದ್ದರಲ್ಲಿ ಆಶ್ಚರ್ಯವೂ ಇಲ್ಲ. 1956ರ ನವೆಂಬರ್ 1ರಂದು ಕನ್ನಡ ಸೀಮೆಗಳು ಒಂದೇ ರಾಜ್ಯವಾದವು, ಸಭೆಗಳು ಇನ್ನೂ ಬೇರೆಯೇ ಇದ್ದವು. ಬಹಳ ವರ್ಷಗಳ ಮಾತುಕತೆಯ ನಂತರವೇ ಅವು ಸೇರಿದ್ದು, ಆಗಲೂ ಒಪ್ಪದವರಿದ್ದರು. ಅಷ್ಟರಲ್ಲಿ ಪಾಸ್ಟರುಗಳ ತರಬೇತಿ ಒಂದಾಗಿತ್ತು: ತುಮಕೂರಿನ ಕನ್ನಡ ಸೆಮಿನರಿಯೂ ಮಂಗಳೂರಿನ ಬಾಸೆಲ್ ಸೆಮಿನರಿಯೂ ಕೂಡಿ 1965ರಲ್ಲಿ ಬಲ್ಮಠದ ಕರ್ನಾಟಕ ಥಿಯೊಲಾಜಿಕಲ್ ಕಾಲೇಜು ಆಯಿತು. 1970ರಲ್ಲಿ ಹಳೆಯ ಮೈಸೂರು ಡಯಾಸಿಸ್ ಮುರಿದು ಕರ್ನಾಟಕದಲ್ಲಿ ಮೂರು ಡಯಾಸಿಸ್‌ಗಳಾದವು. ಬೆಂಗಳೂರು ಕೇಂದ್ರವಾಗಿ ಮಧ್ಯ, ಮಂಗಳೂರು ಕೇಂದ್ರವಾಗಿ ದಕ್ಷಿಣ, ಧಾರವಾಡ ಕೇಂದ್ರವಾಗಿ ಉತ್ತರ. ಧಾರವಾಡದಲ್ಲಿ ವಿಲಿಯಂ ವಿ. ಕಾರ್ಲ್, ಮಂಗಳೂರಿನಲ್ಲಿ ಎಸ್. ಆರ್. ಫುರ್ಟಾಡೊ ಬಿಷಪ್ಪರಾದರು. ಬಾಸೆಲ್ ಸಭೆಯ ಹಳೆಯ ಸೀಮೆಗಳಿಗೆ ಈ ಹೊತ್ತಿಗೆ ಸ್ಥಳೀಯ ಬಿಷಪ್ಪರು ಸಿಕ್ಕರು.

ಕಥೋಲಿಕರ ದಾರಿ ಬೇರೆ, ಅದನ್ನು ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ಅಲ್ಲಿ ಪಂಗಡಗಳ ಜಗಳವಿರಲಿಲ್ಲ. ನೇಮಕ ರೋಮಿನಿಂದ ಬರುತ್ತಿತ್ತು. 1878ರ ಕೊನೆಯ ದಿನ ಇಟಲಿಯ ಜೆಸ್ವಿತರು ವಹಿಸಿಕೊಂಡ ಮಂಗಳೂರಿಗೆ 1920ರ ದಶಕದ ಕೊನೆಯಲ್ಲಿ ವಲೇರಿಯನ್ ಡಿಸೋಜ ಮೊದಲ ಸ್ಥಳೀಯ ಬಿಷಪ್ಪರಾದರು. ಮೈಸೂರು ಧರ್ಮಪ್ರಾಂತ ಫ್ರೆಂಚ್ ಪಾದ್ರಿಗಳ ಕೈಯಲ್ಲಿ ಇನ್ನೂ ಬಹಳ ಕಾಲ ಉಳಿಯಿತು. ಅದರಿಂದ 1963ರಲ್ಲಿ ಚಿಕ್ಕಮಗಳೂರು ಧರ್ಮಪ್ರಾಂತ ಬೇರ್ಪಟ್ಟು, ಆಲ್ಫೋನ್ಸಸ್ ಮಥಾಯಸ್ ಅಲ್ಲಿನ ಮೊದಲ ಬಿಷಪ್ಪರಾದರು. ಚಿಕ್ಕಮಗಳೂರಿನಿಂದ 1988ರಲ್ಲಿ ಶಿವಮೊಗ್ಗ ಬೇರ್ಪಟ್ಟಿತು; ಹರಿಹರ, ದಾವಣಗೆರೆ ಈಗ ಇದಕ್ಕೇ ಸೇರಿವೆ. ಶಿವಮೊಗ್ಗದ ಮೊದಲ ಬಿಷಪ್ ಇಗ್ನೇಷಿಯಸ್ ಪಿಂಟೊ. ಮಥಾಯಸ್, ಪಿಂಟೊ ಇಬ್ಬರೂ ಒಬ್ಬರಾದ ಮೇಲೆ ಒಬ್ಬರು ಬೆಂಗಳೂರಿನ ಆರ್ಚ್‌ಬಿಷಪ್ ಆದರು. ಹರಿಹರದ ಆರೋಗ್ಯಮಾತೆಯ ಗುಡಿಗೆ ಸೆಪ್ಟೆಂಬರ್ 8ರ ಹಬ್ಬಕ್ಕೆ ಬರುವ ಜನಜಂಗುಳಿಯಲ್ಲಿ ಎಲ್ಲ ಮತದವರೂ ಇರುತ್ತಾರೆ. ಹರಕೆ ಹೊತ್ತು ಬಂದವರು ಇಲ್ಲಿನ ಬಿಷಪ್ ಯಾರೆಂದು ಕೇಳುವುದಿಲ್ಲ.

ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಇನ್ನೂ ಕೇಳುತ್ತಿರುವುದು ಆಸ್ತಿಯ ಪ್ರಶ್ನೆ. ಹಳೆಯ ಮಿಶನ್ ಕಂಪೌಂಡುಗಳು ಈಗ ಊರ ನಡುವಿನ ಬೆಲೆಬಾಳುವ ಜಾಗಗಳು. ಟ್ರಸ್ಟ್ ಯಾರದು, ಐಕ್ಯವನ್ನು ಒಪ್ಪದವರಿಗೆ ಪಾಲುಂಟೇ, ಮಾರುವ ಹಕ್ಕು ಯಾರಿಗೆ ಎಂದು ರಾಜ್ಯದ ನಾನಾ ಕಡೆ ವ್ಯಾಜ್ಯಗಳು ನಡೆದಿವೆ, ನಡೆಯುತ್ತಿವೆ. ಹೊಸ ಬಿಷಪ್ಪರ ಆಯ್ಕೆ ಬಂದಾಗ ಗುಂಪುಗಾರಿಕೆ ಏಳುವುದೂ ಬಹುಪಾಲು ಇದೇ ಕಾರಣಕ್ಕೆ. ಮೊದಲ ಯುದ್ಧದಲ್ಲಿ ಬೋಧನೆಯ ಹೊಣೆ ಕೈಬದಲಾಯಿತು, ಜನ ಅದನ್ನು ಹೊತ್ತರು. ಜಮೀನಿನ ಪತ್ರ ಮತ್ತು ಲೆಕ್ಕದ ಪುಸ್ತಕದ ಹೊಣೆಯನ್ನು ಯಾರೂ ನೇರವಾಗಿ ಅವರ ಕೈಗೆ ಕೊಡಲಿಲ್ಲ. ಅದು ಸರ್ಕಾರ, ಟ್ರಸ್ಟ್, ಒಪ್ಪಂದಗಳ ಸುತ್ತು ಬಳಸಿ ಬಂತು. ಆ ಸುತ್ತಿನಲ್ಲಿ ಬಿದ್ದ ಗಂಟುಗಳನ್ನೇ ನ್ಯಾಯಾಲಯಗಳು ಇಂದು ಬಿಡಿಸುತ್ತಿವೆ.

ಬಾಸೆಲ್‌ನಲ್ಲಿ ಮಿಶನ್ನಿನ ದಾಖಲೆ ಭಂಡಾರ ಅಚ್ಚುಕಟ್ಟಾಗಿದೆ. ಹಳೆಯ ಚಿತ್ರಗಳನ್ನು ಅಂತರ್ಜಾಲದಲ್ಲಿ ಯಾರು ಬೇಕಾದರೂ ನೋಡಬಹುದು. ಅಲ್ಲಿ ಜರ್ಮನ್ ಪಾದ್ರಿಗಳ ಪತ್ರಗಳಿವೆ. ಅವರು ಹಡಗು ಹತ್ತಿದ ಮೇಲೆ ಸಭೆ ನಡೆಸಿದ ಪಾಸ್ಟರ್, ಉಪದೇಶಿ, ಮಾಸ್ತರರ ಬರಹಗಳಿಗೆ ಅಲ್ಲಿ ಜಾಗ ಕಡಿಮೆ. ಅವು ಇಲ್ಲಿನ ಸಭೆಗಳ ಕಪಾಟುಗಳಲ್ಲಿವೆ: ದೀಕ್ಷಾಸ್ನಾನದ ರಿಜಿಸ್ಟರುಗಳು, ಹಿರಿಯರ ಸಭೆಯ ನಡಾವಳಿ ಪುಸ್ತಕಗಳು, ಚಂದಾ ಪಟ್ಟಿಗಳು, ಮಕ್ಕಳು ಮೊಮ್ಮಕ್ಕಳ ಮನೆಯ ಟ್ರಂಕುಗಳಲ್ಲಿ ಉಳಿದ ಕಾಗದಗಳು. ಗೆದ್ದಲು ಹಿಡಿಯುವ ಮುಂಚೆ ಅವುಗಳನ್ನು ತೆಗೆದು, ಫೋಟೊ ಹಿಡಿದು, ಬಲ್ಮಠದ ದಾಖಲೆ ಭಂಡಾರಕ್ಕೋ ಹತ್ತಿರದ ವಿಶ್ವವಿದ್ಯಾಲಯಕ್ಕೋ ಒಪ್ಪಿಸಿ. ನಿಮ್ಮ ಮನೆಯಲ್ಲಿ ಅಂಥದ್ದೊಂದು ಪುಸ್ತಕವಿದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ.